ಇಪ್ಪತ್ತು ಮೀಟರಿನ ಮೌನ

"ಬುಡು!"

"ನೀ ಬುಡು!"

"ಮೊದ್ಲು ಹಿಡ್ದಿದ್ದು ನಾನು!"

"ಮೊದ್ಲು ನೋಡಿದ್ದು ನಾನು ಕಣಮ್ಮ!"

ಸಾವಿರದ ಒಂಬೈನೂರ ಮೂವತ್ತೆಂಟರ ಡಿಸೆಂಬರ್. ಮಂಗಳವಾರ. ಸಿರಾ ಪೇಟೆಯಲ್ಲಿ ಹುಸೇನ್ ಸಾಬರ ಹಳೇ ಸಾಮಾನಿನ ಅಂಗಡಿ. ಒಂದೇ ಪುಸ್ತಕ, ಎರಡು ತುದಿ, ನಾಲ್ಕು ಕೈ!

ಒಂದು ತುದಿಯಲ್ಲಿ ಜಗದಾಂಬ. ಮಧುಗಿರಿಯ ನಿವೃತ್ತ ತಂತಿ ಮಾಸ್ತರ್ ಜಯರಾಮಯ್ಯನವರ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತೊಂದು. ಅವಳ ಮೂಗಿನ ಮೇಲೆ ಮೂಗುತಿಗಿಂತ ಹೆಚ್ಚು ಹೊಳೆಯುತ್ತಿದ್ದದ್ದು ತಾತ್ಸಾರ.

ಇನ್ನೊಂದು ತುದಿಯಲ್ಲಿ ಚಿಕ್ಕರಂಗಯ್ಯ. ಪಾವಗಡದವನು. ಬಸ್ಸು, ಲಾರಿಗಳ ಬ್ಯಾಟರಿಗೆ ಚಾರ್ಜು ತುಂಬುವ ಅಂಗಡಿಯ ಯಜಮಾನ. ತಲೆಗೆ ಅರ್ಧ ಸೇರು ಹರಳೆಣ್ಣೆ, ಅದರ ಮೇಲೆ ಯಾವನೋ ದೊರೆ ಬಿಸಾಡಿದ ಟೋಪಿ. ಬ್ಯಾಟರಿಯ ಆಸಿಡ್ಡು ತಿಂದು ಅಂಗಿಯ ತುಂಬ ತೂತು. ಆ ತೂತುಗಳೇ ಪದಕಗಳು ಎನ್ನುವಂತೆ ಎದೆ ಉಬ್ಬಿಸಿಕೊಂಡು ನಿಂತಿದ್ದ.

ಸಿನಿಮಾ ಆಗಿದ್ದರೆ ಈ ಹೊತ್ತಿಗೆ ಪಿಟೀಲು ಶುರುವಾಗಬೇಕಿತ್ತು. ಸೆರಗು ಗಾಳಿಗೆ ಹಾರಬೇಕಿತ್ತು. ಇಲ್ಲಿ ಶುರುವಾದದ್ದು ಹುಸೇನ್ ಸಾಬರ ಕೆಮ್ಮು. ಹಾರಿದ್ದು ಧೂಳು.

"ಅರೆ ಬೇಟಿ! ಅರೆ ಭಾಯ್! ಕಿತಾಬು ಅದು, ಕಬ್ಬಿನ ಜಲ್ಲೆ ಅಲ್ಲ!" ಎಂದು ಸಾಬರು ಗೋಗರೆದರು.

ಮದ್ರಾಸಿಗೆ ವರ್ಗವಾಗಿ ಹೋದ ಯಾರೋ ದೊರೆಯ ಪೆಟ್ಟಿಗೆಯಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕ ಅದು. ಮನೆಯಲ್ಲೇ ಕೂತು ತಂತಿಯಿಲ್ಲದೆ ಸಂದೇಶ ಕಳಿಸುವುದನ್ನು ಹೊಸಬರಿಗೆ ಕಲಿಸುವ ಹವ್ಯಾಸಿ ರೇಡಿಯೋ ಕೈಪಿಡಿ. ಆಗಿನ ಕಾಲಕ್ಕೆ ಬೆಂಗಳೂರಿನಲ್ಲಿ ಹುಡುಕಿದರೂ ಸಿಗದ ವಸ್ತು.

"ಹೆಣ್ಮಗಳಿಗೆ ರೇಡಿಯೋ ಯಾಕಮ್ಮಾ? ಗಾಳಿಗೆ ಒಗ್ಗರಣೆ ಹಾಕ್ತೀಯಾ?" ಎಂದ ರಂಗ.

"ನಿನ್ನ ತಲೆಗೆ ಹಾಕ್ತೀನಿ. ಎಣ್ಣೆ ಆಗ್ಲೇ ಐತಲ್ಲ, ಸಾಸ್ವೆ ಒಂದು ಸಾಕು."

ರಂಗನ ಟೋಪಿ ತಾನೇ ಅರ್ಧ ಇಂಚು ಇಳಿಯಿತು!

"ಲೈಸೆನ್ಸ್ ಐತಾ?"

"ಲೈಸೆನ್ಸು ನಮ್ಮಪ್ಪಂದು. ಕೈ ನಂದು. ನಿಂಗೈತಾ?"

"ಪಾವಗಡಕ್ಕೆಲ್ಲಾ ನಂದೊಂದೇ ಲೈಸೆನ್ಸು! ಕೇಳ್ಸ್ಕೋ... ಈ ರಂಗ ಒಂದ್ಸಲ ಕೈ ಇಟ್ಟ ಅಂದ್ರೆ, ಬುಡೋ ಮಾತೇ ಇಲ್ಲ!"

ಡೈಲಾಗು ಚೆನ್ನಾಗಿತ್ತು. ಹೊಡೆದ ಮೇಲೆ ಸುಮ್ಮನಿರಬೇಕಿತ್ತು. ಜೊತೆಗೆ ಒಂದು ಜಗ್ಗು ಜಗ್ಗಿದ. ಅವಳೂ ಜಗ್ಗಿದಳು.

ಚರ್ರ್!

ಬೆನ್ನು ಮುರಿದು ಪುಸ್ತಕ ಎರಡಾಯಿತು. ಮುಂದಿನರ್ಧ ಅವಳ ಕೈಯಲ್ಲಿ, ಹಿಂದಿನರ್ಧ ಅವನ ಕೈಯಲ್ಲಿ. ನಡುವೆ ಸಿಕ್ಕಿಕೊಂಡ ಐವತ್ತೇಳನೇ ಪುಟ ಮಾತ್ರ ಅಡ್ಡಡ್ಡ ಸೀಳಿತ್ತು. ಪುಟದ ಮೇಲ್ಭಾಗ ಅವಳಿಗೆ, ಕೆಳಭಾಗ ಅವನಿಗೆ.

"ತೌಬಾ ತೌಬಾ..." ಸಾಬರು ತಲೆಯ ಮೇಲೆ ಕೈ ಇಟ್ಟುಕೊಂಡರು. "ತಗೊಂಡೋಗಿ ಇಬ್ರೂ ಅರ್ಧರ್ಧ! ಅಕಲ್ ಬಂದ್ಮೇಲೆ ಎರಡೂ ತನ್ನಿ, ನಾನೇ ಹೊಲ್ದು ಕೊಡ್ತೀನಿ. ಬಂದ್ರೆ!"

ಜಗದಾಂಬ ತನ್ನ ಅರ್ಧವನ್ನು ಎದೆಗೊತ್ತಿಕೊಂಡು ಹೊಸ್ತಿಲು ದಾಟಿದಳು. ಹಿಂತಿರುಗಿದಳು.

"ಲೇ ಟೋಪಿ! ನಮ್ಮ ಕರೆ ಗುರುತು ಜೆ.ಆರ್. ಧೈರ್ಯ ಇದ್ರೆ ನಲವತ್ತು ಮೀಟರಿಗೆ ಬಾ. ಬೆಳಿಗ್ಗೆ ಏಳಕ್ಕೆ. ಇಲ್ಲಿ ಸಾಬರ ಮುಂದೆ ಬೈಯಕ್ಕೆ ಮರ್ಯಾದೆ ಅಡ್ಡ ಬರ್ತದೆ."

"ನಂದು ಸಿ.ಆರ್.! ಬರ್ತೀನಿ ಕಣಮ್ಮ! ಕಿವಿಗೆ ಹತ್ತಿ ಇಟ್ಕೊಂಡು ಕೂತಿರು!"

*

"ಅಲ್ಲಾ ಮಗಾ, ಮೀಟರ್ ಮೀಟರ್ ಅಂತೀಯಲ್ಲ, ಬಟ್ಟೆ ಅಳ್ದಂಗೆ! ಏನು ಹಂಗಂದ್ರೆ?" ಎಂದು ಜಯರಾಮಯ್ಯ ಕೇಳಿದರು.

ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ಕಟ್ಟು ಕಡಕಟ್ಟು ಕುಟ್ಟಿದ ಮನುಷ್ಯ. ಮಗಳಿಗೆ ಚುಕ್ಕೆ, ಗೆರೆಗಳ ಮೋರ್ಸ್ ಭಾಷೆ ಕಲಿಸಿದ್ದೇ ಅವರು. ಆದರೆ ಅವರ ಕಾಲದ ಸಂದೇಶ ಕಂಬದಿಂದ ಕಂಬಕ್ಕೆ ಮರ್ಯಾದೆಯಾಗಿ ನಡೆದು ಹೋಗುತ್ತಿತ್ತು. ಈ ಗಾಳಿಯಲ್ಲಿ ಹಾರುವ ಸಂದೇಶದ ಮೇಲೆ ಅವರಿಗೆ ಅಷ್ಟು ನಂಬಿಕೆಯಿಲ್ಲ.

"ಅಲೆ ಎಷ್ಟುದ್ದ ಅನ್ನೋ ಲೆಕ್ಕ ಅಪ್ಪಾ. ಒಂದೊಂದು ಉದ್ದದೋನಿಗೆ ಒಂದೊಂದು ಬುದ್ಧಿ. ಎಂಬತ್ತು ಮೀಟರಿನೋನು ಸೋಮಾರಿ. ಹೊತ್ತು ಮುಳುಗೋವರ್ಗೂ ಏಳೋದೇ ಇಲ್ಲ. ನಲವತ್ತು ಮೀಟರಿನೋನು ಮನೆತನಸ್ಥ. ಹಗಲೊತ್ತು ತುಮಕೂರು, ಬೆಂಗಳೂರು, ಪಾವಗಡ ಅಂತ ಅಕ್ಕಪಕ್ಕದ ಊರು ಸುತ್ಕೊಂಡು ಬರ್ತಾನೆ. ಹೊಸಬರು ಮೊದ್ಲು ಅವ್ನ ಕೈ ಹಿಡೀಬೇಕು. ಇಪ್ಪತ್ತು ಮೀಟರಿನೋನು ಸೊಕ್ಕಿನೋನು. ಆಕಾಶಕ್ಕೆ ಎಗರಿ ಸಮುದ್ರ ದಾಟ್ತಾನೆ. ಇನ್ನ ಹತ್ತು ಮೀಟರಿನೋನು ಮನಸ್ಸು ಬಂದ್ರೆ ಬಂದ, ಇಲ್ದಿದ್ರೆ ಇಲ್ಲ."

"ಇವ್ರೆಲ್ಲಾ ನಮ್ಮ ಇಲಾಖೇಲಿ ಇದ್ರು ಬುಡು," ಎಂದರು ಜಯರಾಮಯ್ಯ.

ಅಲೆಯ ಅರ್ಧದಷ್ಟು ಉದ್ದದ ತಂತಿಯನ್ನು ಎತ್ತರಕ್ಕೆ ಕಟ್ಟಬೇಕು ಎಂದು ಜಗದಾಂಬಳ ಅರ್ಧ ಪುಸ್ತಕ ಹೇಳುತ್ತಿತ್ತು. ನಲವತ್ತು ಮೀಟರಿಗೆ ಅರವತ್ತಾರು ಅಡಿ. ಅವಳು ಮನೆಯ ಸೂರಿನಿಂದ ಹಿತ್ತಲ ಹುಣಸೆ ಮರಕ್ಕೆ ತಾಮ್ರದ ತಂತಿ ಬಿಗಿದಳು. ಮಾರನೇ ದಿನವೇ ಪಕ್ಕದ ಮನೆಯ ಕೆಂಚಮ್ಮ ಅದರ ಮೇಲೆ ಎರಡು ಸೀರೆ ಒಣಹಾಕಿದಳು!

"ಕೆಂಚಮ್ಮಾ! ಅದು ಬಟ್ಟೆ ಒಣಗ್ಸೋ ತಂತಿ ಅಲ್ಲ!"

"ಮತ್ತೆ ಅಷ್ಟುದ್ದ ಯಾಕೆ ಕಟ್ಟಿದ್ದೀಯೇ? ಮಳೆ ಮೋಡ ಓಡ್ಸಕ್ಕಾ?"

ಇಂಥ ಊರಿನಲ್ಲಿ ವಿಜ್ಞಾನ ಬೆಳೆಯಬೇಕಿತ್ತು ನೋಡಿ.

ಬೆಳಿಗ್ಗೆ ಏಳು. ಜಗದಾಂಬ ಕಿವಿಗೆ ಹೆಡ್‌ಫೋನ್ ಏರಿಸಿದಳು. ಕರಕರ ಸದ್ದಿನ ನಡುವಿನಿಂದ ಅವಳ ಕರೆ ಗುರುತು ತೇಲಿಬಂತು... ಟೋಪಿ ಬಂದಿದ್ದ!

ಮೋರ್ಸಿನಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಕನ್ನಡದಲ್ಲಿ ಬೈಯುವ ವಿದ್ಯೆಯನ್ನು ಅವರಿಬ್ಬರೂ ಅವತ್ತೇ ಕಂಡುಹಿಡಿದರು.

"ನಿನ್ನ ಕೈ ಕೋಳಿ ರಾಗಿ ಕುಕ್ಕಿದಂಗೈತೆ," ಎಂದು ಅವನು ಕುಟ್ಟಿದ.

"ನಿಂದು ಕುಂಟೆತ್ತು ಕಲ್ಲು ಚಪ್ಪಡಿ ಮೇಲೆ ನಡೆದಂಗೈತೆ," ಎಂದು ಅವಳು ಕುಟ್ಟಿದಳು.

ಹೀಗೆ ಶುರುವಾದದ್ದು ದಿನಾ ನಡೆಯಿತು. ನಡೆಯದೆ ಗತಿ ಇರಲಿಲ್ಲ. ಯಾಕೆಂದರೆ ರೇಡಿಯೋ ಕಟ್ಟುವ ಪಾಠಗಳೆಲ್ಲ ಅವಳ ಅರ್ಧದಲ್ಲಿದ್ದವು. ಕೆಟ್ಟರೆ ರಿಪೇರಿ ಮಾಡುವ ಪಾಠಗಳೆಲ್ಲ ಅವನ ಅರ್ಧದಲ್ಲಿದ್ದವು!

"ನನ್ನ ಯಂತ್ರದ ತಂತಿ ಸುರುಳಿ ಸುಟ್ಟೋಯ್ತು. ನಿನ್ನ ಪುಸ್ತಕ ಏನಂತದೆ?"

"ಸುಡೋ ಹಂಗೆ ಸುತ್ತಿದೋರಿಗೆ ಬುದ್ಧಿ ಇಲ್ಲ ಅಂತದೆ."

"ಅದು ಪುಸ್ತಕದಾಗೈತಾ?"

"ನಾನು ಬರ್ಕೊಂಡಿದೀನಿ. ಸರಿ, ತಗೋ... ತೊಂಬತ್ತನೇ ಪುಟ."

ಐವತ್ತೇಳನೇ ಪುಟದ ಬಗ್ಗೆ ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ. ಕೇಳಿದರೆ, ಅವತ್ತು ಜಗ್ಗಿದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡಂತೆ ಅಲ್ಲವೇ! ಮಾನಸ್ಥರು ಪಾಪ.

ಮೋರ್ಸಿನಲ್ಲಿ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಆದರೆ ಕೈ ಗೊತ್ತಾಗುತ್ತದೆ. ಪ್ರತಿ ಮಾತಿನ ಕೊನೆಯ ಗೆರೆಯನ್ನು ರಂಗ ಒಂದು ಚೂರು ಎಳೆಯುತ್ತಿದ್ದ, ಹೋಗಲು ಮನಸ್ಸಿಲ್ಲದವನು ಬಾಗಿಲಲ್ಲಿ ತಡೆದು ನಿಂತಂತೆ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಆ ಎಳೆತ ಇರಲಿಲ್ಲ.

"ಬಲಗೈಗೆ ಏನಾಗೈತೆ?" ಎಂದು ಅವಳು ಕೇಳಿದಳು.

ಉತ್ತರ ಒಂದೊಂದೇ ಅಕ್ಷರವಾಗಿ ಬಂತು.

"ಆಸಿಡ್ ಬಿತ್ತು. ಎಡಗೈಲಿ ಕುಟ್ತಾ ಇದೀನಿ. ನಿಂಗೆಂಗೆ ಗೊತ್ತಾಯ್ತು?"

'ನಿನ್ನ ಕೈ ನನಗೆ ಗೊತ್ತು' ಎಂದು ಹೇಳಬೇಕೆನ್ನಿಸಿತು. ಬೆರಳು ಮೋರ್ಸ್ ಕುಟ್ಟುವ ಕೀಲಿಯ ಮೇಲೆ ಹೋಯಿತು... ನಿಂತಿತು.

"ಎಡಗೈಲೇ ವಾಸಿ. ಕುಂಟೆತ್ತಿಗೆ ಈಗ ಮೂರು ಕಾಲು ಸರಿಯಾದಂಗೈತೆ," ಎಂದು ಕುಟ್ಟಿ ಹೆಡ್‌ಫೋನ್ ಕಿತ್ತಿಟ್ಟಳು.

ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಜಯರಾಮಯ್ಯ ಮಾತಾಡದೆ ಉಂಡರು. ಮೂವತ್ತು ವರ್ಷ ಊರಿನವರ ಗುಟ್ಟನ್ನೆಲ್ಲ ಕಿವಿಯಲ್ಲಿ ಕೇಳಿ ಹೊಟ್ಟೆಯಲ್ಲಿಟ್ಟುಕೊಂಡ ಅಭ್ಯಾಸ.

*

ಮೂವತ್ತೊಂಬತ್ತರ ಆಗಸ್ಟ್‌ನಲ್ಲಿ ರಂಗನ ಕೈ ಒಂದು ದಿನ ಯಾಕೋ ತಡವರಿಸಿತು.

"ನಿನ್ ತಾವ ಒಂದು ಮಾತು ಹೇಳ್ಬೇಕು."

"ಹೇಳು."

"ಇಲ್ಲಿ ಬ್ಯಾಡ. ನಲವತ್ತರಾಗೆ ಬೆಂಗಳೂರೋರು ನಾಲ್ಕು ಜನ ನಮ್ಮ ಜಗಳ ಕೇಳ್ತಾ ಕಾಫಿ ಕುಡೀತಾ ಅವ್ರೆ. ಇಪ್ಪತ್ತಕ್ಕೆ ಬಾ."

"ಇಪ್ಪತ್ತಲ್ಲಿ ಅವ್ರು ಕೇಳಲ್ವಾ?"

"ಒಬ್ಬನೂ ಇಲ್ಲ! ನಾನು ಒಂದು ತಿಂಗಳಿಂದ ನೋಡ್ತಾ ಇದೀನಿ. ಜಾವಾದೋನು ಸಿಕ್ತಾನೆ, ಆಸ್ಟ್ರೇಲಿಯಾದೋನು ಸಿಕ್ತಾನೆ, ಬೆಂಗಳೂರೋನು ಒಬ್ಬನೂ ಸಿಕ್ಕಲ್ಲ. ನಮ್ಮಿಬ್ರಿಗೇ ಜಾಗ."

ಅವಳ ಎದೆಯೊಳಗೆ ಚುಕ್ಕೆ ಗೆರೆಗಳೆಲ್ಲ ಕಲಸಿಹೋದವು.

"ಸೋಮವಾರ ಹತ್ತು ಗಂಟೆಗೆ," ಎಂದು ಅವನು ಮುಂದುವರಿಸಿದ. "ನೀನು ಬರ್ಲಿಲ್ಲ ಅಂದ್ರೆ... ನಿಂಗಿಷ್ಟ ಇಲ್ಲ ಅಂತ ತಿಳ್ಕೊತೀನಿ. ಆಮೇಲೆ ನಲವತ್ತರಾಗೂ ಕಾಡ್ಸಲ್ಲ. ರಂಗನ ಮಾತು ಅಂದ್ರೆ ಮಾತು!"

ಮತ್ತೆ ಡೈಲಾಗು! ಈ ಡೈಲಾಗುಗಳಿಂದಲೇ ಹಾಳಾದ ಮನುಷ್ಯ.

"ಅಬ್ಬಾ, ಮಹಾರಾಜ್ರು ದರ್ಬಾರು ಕರೆದಂಗೆ ಕರೀತಾನೆ!" ಎಂದು ಜಗದಾಂಬ ಗೊಣಗಿದಳು. ಗೊಣಗುತ್ತಲೇ ಅವತ್ತು ಮಧ್ಯಾಹ್ನ ಏಣಿ ಹತ್ತಿ ಅರವತ್ತಾರು ಅಡಿ ತಂತಿಯನ್ನು ಸರಿಯಾಗಿ ನಡುವಿಗೆ ಕತ್ತರಿಸಿದಳು. ಇಪ್ಪತ್ತು ಮೀಟರಿಗೆ ಮೂವತ್ತಮೂರು ಅಡಿ ಸಾಕು. ಉಳಿದ ಅರ್ಧವನ್ನು ಕೆಂಚಮ್ಮನಿಗೆ ಕೊಟ್ಟಳು.

"ತಗೋ, ಇನ್ಮೇಲೆ ಇದ್ರ ಮೇಲೆ ಒಣಹಾಕು. ನನ್ನ ತಂತಿ ಮುಟ್ಟಬ್ಯಾಡ."

"ಏನೇ ಇದು, ಮುಖ ಹಿಂಗೆ ಹೊಳೀತಾ ಐತೆ?"

"ಬಿಸಿಲು!"

ತನ್ನ ಅರ್ಧ ಪುಟವನ್ನು ಅವಳು ಮತ್ತೊಮ್ಮೆ ಓದಿದಳು. 'ಇಪ್ಪತ್ತು ಮೀಟರ್: ಹಗಲಿನಲ್ಲಿ ಸಾವಿರಾರು ಮೈಲಿ ಹೋಗುತ್ತದೆ. ಹೊಸಬರಿಗೆ ಇದರಷ್ಟು ಸಂತೋಷ ಕೊಡುವ ಅಲೆಪಟ್ಟಿ ಇನ್ನೊಂದಿಲ್ಲ. ಆದರೆ ನೆನಪಿಡಿ, ಈ ಪಟ್ಟಿಯಲ್ಲಿ...' ಅಲ್ಲಿಗೆ ಕಾಗದ ಹರಿದಿತ್ತು.

ಸಾವಿರ ಮೈಲಿ ಹೋಗುವುದು ಮೂವತ್ತು ಮೈಲಿಯಾಚೆಯ ಪಾವಗಡಕ್ಕೆ ಹೋಗದೇ? ಅವಳು ಪುಟ ಮಡಿಸಿಟ್ಟಳು.

ಸೋಮವಾರ, ಹತ್ತು ಗಂಟೆ. ಜಗದಾಂಬ ತಲೆಗೆ ಹೂ ಮುಡಿದು ರೇಡಿಯೋ ಮುಂದೆ ಕೂತಳು. ಯಾರು ನೋಡುತ್ತಾರೆ ಎಂದು ಮುಡಿದಳೋ! ಸಿ.ಆರ್. ಗುರುತನ್ನು ಮೂರು ಸಲ ಕರೆದಳು. ಕಿವಿಗೊಟ್ಟಳು.

ಜಾವಾದವನು ಬಂದ. ಆಸ್ಟ್ರೇಲಿಯಾದವನು ಯಾರೊಡನೆಯೋ ಹವಾಮಾನ ಮಾತಾಡಿದ. ಲೋಕವೆಲ್ಲ ಬಂತು...

ರಂಗ ಬರಲಿಲ್ಲ.

ಹತ್ತೂವರೆ. ಹನ್ನೊಂದು. ಹೂ ಬಾಡಿತು.

'ಕರೆದು ಕೂರಿಸಿ ಆಟ ಆಡಿದ್ನಾ? ನಾನು ಬರ್ತೀನೋ ಇಲ್ವೋ ಅಂತ ಪರೀಕ್ಷೆ ಮಾಡಿದ್ನಾ? ಈಗ ಅಲ್ಲಿ ಕೂತ್ಕೊಂಡು ಟೋಪಿ ಎತ್ತಿ ನಗ್ತಾ ಇರ್ಬೇಕು... ಥೂ!'

ಮಂಗಳವಾರವೂ ಕರೆದಳು. 'ಬೈಯಕ್ಕೆ ಅಷ್ಟೇ' ಎಂದು ತನಗೆ ತಾನೇ ಹೇಳಿಕೊಂಡಳು. ಬುಧವಾರವೂ ಬೈಯಲು ಕರೆದಳು. ಮುಂದಿನ ವಾರವೆಲ್ಲ ದಿನಾ ಹತ್ತಕ್ಕೆ ಬೈಯಲು ಕರೆದಳು, ಬೈಗುಳ ಬಾಯಲ್ಲೇ ಉಳಿಯಿತು. ನಲವತ್ತಕ್ಕೂ ಕದ್ದು ಕಿವಿ ಹಾಯಿಸಿದಳು. ಬೆಂಗಳೂರಿನವರಿದ್ದರು. ಅವನಿರಲಿಲ್ಲ.

ಒಂದು ಕಾಗದ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮದುವೆಯಾಗದ ಹೆಣ್ಣು ಗಂಡಸಿಗೆ ಬರೆದ ಕಾಗದವನ್ನು ಆ ಕಾಲದಲ್ಲಿ ಮೊದಲು ಅಂಚೆಯವನು, ಆಮೇಲೆ ಬೀದಿ, ಕೊನೆಗೆ ಉಳಿದರೆ ಆ ಗಂಡಸು ಓದುತ್ತಿದ್ದ. ಅದೂ ಅಲ್ಲದೆ ಅವನು ಬರೆಯಲಿಲ್ಲವಲ್ಲ! ಇವಳು ಯಾಕೆ ಬರೆಯಬೇಕು?

"ಯಾರ್ನ ಮಗಾ ಅಷ್ಟೊಂದು ಕರೀತಿದ್ದೀ?" ಎಂದು ಒಂದು ದಿನ ಜಯರಾಮಯ್ಯ ಒಳಗಿನಿಂದಲೇ ಕೇಳಿದರು.

"ಯಾರೂ ಇಲ್ಲ. ಜಾವಾದೋನು."

"ಜಾವಾದೋನ ಗುರುತು ಸಿ.ಆರ್. ಅಂತನಾ?"

ಜಗದಾಂಬ ಗೋಡೆ ಕಡೆ ತಿರುಗಿದಳು. ಕಣ್ಣೀರು ಬಂದದ್ದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

*

ಅಷ್ಟರಲ್ಲಿ ಎಲ್ಲೋ ಯುದ್ಧ ಶುರುವಾಯಿತು. ಎಲ್ಲೋ ಎಂದುಕೊಂಡದ್ದು ಗುರುವಾರ ಮನೆ ಬಾಗಿಲಿಗೇ ಬಂತು.

ತಾಲ್ಲೂಕು ಕಚೇರಿಯ ಜವಾನ ಓಬಳಯ್ಯ ಹುಕುಂ ಓದಿ ಹೇಳಿದ. "ಖಾಸಗಿ ರೇಡಿಯೋ ಕಳ್ಸೋ ಯಂತ್ರ ಇರೋರೆಲ್ಲಾ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಸ್ಬೇಕು. ಅರಗು ಹಾಕಿ ಸೀಲ್ ಮಾಡ್ತೀವಿ. ಯುದ್ಧ ಮುಗಿಯೋವರ್ಗೂ ಮುಟ್ಟಂಗಿಲ್ಲ."

"ಯುದ್ಧ ಯಾವಾಗ ಮುಗೀತದೆ?" ಎಂದಳು ಜಗದಾಂಬ.

"ನಂಗೆ ಹೇಳಿಲ್ಲ ಅಮ್ಮಣ್ಣಿ."

ಶನಿವಾರದ ಮೇಲೆ ಅವನ ಕೈ ಕೇಳುವುದಿಲ್ಲ. ಆ ಕೊನೆಯ ಎಳೆತ ಇನ್ನು ಎಂದೂ ಇಲ್ಲ. 'ಹೋಗ್ಲಿ ಬುಡು, ಪೀಡೆ ತೊಲಗ್ತು' ಎಂದುಕೊಂಡಳು.

ಶನಿವಾರ ಹತ್ತೂವರೆಗೆ ಅಂಚೆ ಬಂತು. ಒಂದೇ ಒಂದು ಕಾರ್ಡು. ರಂಗೂನಿನದು.

ಆ ಕಾಲದ ರೇಡಿಯೋ ಹವ್ಯಾಸಿಗಳಲ್ಲಿ ಒಂದು ಪದ್ಧತಿ ಇತ್ತು. ದೂರದೂರಿನ ಯಾವನಾದರೂ ನಿಮ್ಮ ಸಂಕೇತ ಕೇಳಿದರೆ, 'ಇಂಥ ದಿನ, ಇಷ್ಟು ಹೊತ್ತಿಗೆ, ಇಷ್ಟು ಚೆನ್ನಾಗಿ ಕೇಳಿದೆ' ಎಂದು, ಕರೆ ಗುರುತುಗಳ ಪಟ್ಟಿಯಲ್ಲಿ ವಿಳಾಸ ಹುಡುಕಿ ಒಂದು ಕಾರ್ಡು ಹಾಕುತ್ತಿದ್ದ. ಕಳಿಸುವ ಯಂತ್ರವಿಲ್ಲದೆ ಬರೀ ಕೇಳುವುದೇ ಕೆಲಸವಾದವರೂ ಹಾಕುತ್ತಿದ್ದರು. ಇವನೂ ಅಂಥವನೇ, ರಂಗೂನಿನ ಅಕ್ಕಿ ಗಿರಣಿಯ ಗುಮಾಸ್ತ.

'ಜೆ.ಆರ್. ಅವರೇ,' ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. 'ಇಪ್ಪತ್ತು ಮೀಟರಿನಲ್ಲಿ ಹನ್ನೆರಡು ದಿನದಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಬಹಳ ಸ್ಪಷ್ಟ. ದಿನಾ ಹತ್ತು ಗಂಟೆಗೆ ನೀವು ಸಿ.ಆರ್. ಅವರನ್ನು ಕರೆಯುತ್ತೀರಿ. ಹತ್ತು ನಿಮಿಷ ಬಿಟ್ಟು ಸಿ.ಆರ್. ನಿಮ್ಮನ್ನು ಕರೆಯುತ್ತಾರೆ. ಅವರೂ ಬಹಳ ಸ್ಪಷ್ಟ. ಒಬ್ಬರಿಗೊಬ್ಬರು ಉತ್ತರವನ್ನೇ ಕೊಡುವುದಿಲ್ಲ. ಇಬ್ಬರದೂ ಜಗಳವೇ? ದಯವಿಟ್ಟು ರಾಜಿಯಾಗಿ. ನನಗೆ ಇಲ್ಲಿ ಗಿರಣಿ ಲೆಕ್ಕದ ಮೇಲೆ ಗಮನ ನಿಲ್ಲುತ್ತಿಲ್ಲ.'

ಜಗದಾಂಬ ಮೂರು ಸಲ ಓದಿದಳು.

ಕರೆಯುತ್ತಾನೆ... ದಿನಾ ಕರೆಯುತ್ತಾನೆ! ರಂಗೂನಿಗೆ ಕೇಳುತ್ತದೆ. ಮಧುಗಿರಿಗೆ ಕೇಳುವುದಿಲ್ಲ!

ಅವಳು ಓಡಿ ಹೋಗಿ ಹರಿದ ಪುಟ ತೆಗೆದಳು. 'ಆದರೆ ನೆನಪಿಡಿ, ಈ ಪಟ್ಟಿಯಲ್ಲಿ...'

ಈ ಪಟ್ಟಿಯಲ್ಲಿ ಏನು? ಅಲೆ ಆಕಾಶಕ್ಕೆ ಎಗರುತ್ತದೆ. ಎಗರಿ, ತಗುಲಿ, ಎಲ್ಲೋ ದೂರದಲ್ಲಿ ಇಳಿಯುತ್ತದೆ. ನಡುವಿನ ಊರುಗಳು? ನಡುವಿನ ಊರುಗಳ ತಲೆಯ ಮೇಲೆ ಹಾರಿಹೋಗುತ್ತದೆ! ಬೆಂಗಳೂರಿನವನು ಒಬ್ಬನೂ ಸಿಗದಿದ್ದದ್ದು ಅದಕ್ಕೇ!

"ಅಯ್ಯೋ ಪೆದ್ದುಮುಂಡೇದೇ!" ಎಂದು ಕೂಗಿದಳು. ಬೈದದ್ದು ಅವನಿಗೋ ತನಗೋ, ಅವಳಿಗೇ ತಿಳಿಯಲಿಲ್ಲ.

ನಲವತ್ತಕ್ಕೆ ಹೋಗಬೇಕು. ಈಗಲೇ! ನಲವತ್ತಕ್ಕೆ ಅರವತ್ತಾರು ಅಡಿ ತಂತಿ ಬೇಕು. ಅರ್ಧ ತಂತಿ ಕೆಂಚಮ್ಮನ ಹಿತ್ತಲಲ್ಲಿದೆ!

"ಕೆಂಚಮ್ಮಾ! ನನ್ನ ತಂತಿ ಕೊಡು!"

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ? ಮೇಲೆ ಕಂಬಳಿ ಒಣಗ್ತಾ ಐತೆ!"

"ನನ್ನ ಬಾಳು ಒಣಗ್ತಾ ಐತೆ ಕೆಂಚಮ್ಮ!"

ಕೆಂಚಮ್ಮ ಅವಳ ಮುಖ ನೋಡಿದಳು. ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡಳು, ಏಣಿಯ ಬುಡ ಹಿಡಿದಳು. "ಹತ್ತು. ಬಿದ್ದು ಸಾಯಬ್ಯಾಡ."

ತಂತಿ ಹೆಣೆದು, ಸುರುಳಿ ಬದಲಾಯಿಸಿ ಜಗದಾಂಬ ಕೂತಾಗ ಹನ್ನೊಂದೂ ಮುಕ್ಕಾಲು. ಓಬಳಯ್ಯ ಆಗಲೇ ಜಗಲಿಯಲ್ಲಿ ಕೂತು ಅರಗು ಕಾಯಿಸುತ್ತಿದ್ದ.

ನಲವತ್ತು ಮೀಟರ್. ಕರೆದಳು... ಸದ್ದಿಲ್ಲ. ಮತ್ತೆ ಕರೆದಳು. ಒಂದು ಕ್ಷಣ ಬಿಟ್ಟು ಕೇಳಿದಳು. ಯಾರದೋ ಕರೆಯ ಬಾಲ ಸಿಕ್ಕಿತು, ಮುಗಿದೇಹೋಯಿತು... ಕೊನೆಯಲ್ಲಿ ಒಂದು ಎಳೆತ!

ಅವನೇ! ಅವನಿಗೂ ರಂಗೂನಿನ ಕಾರ್ಡು ಬಂದಿದೆ!

ಅವಳು ಆತುರದಿಂದ ಕರೆದಳು. ಅವನೂ ಅದೇ ಹೊತ್ತಿಗೆ ಕರೆಯುತ್ತಿದ್ದ. ಕುಟ್ಟುವಾಗ ಕೇಳಲಾಗದು, ಕೇಳುವಾಗ ಕುಟ್ಟಲಾಗದು. ನಿಲ್ಲಿಸಿದಳು, ಅವನೂ ನಿಲ್ಲಿಸಿದ. ಶುರುಮಾಡಿದಳು, ಅವನೂ ಶುರುಮಾಡಿದ. ಸಾಬರ ಅಂಗಡಿಯ ಜಗ್ಗಾಟವೇ ಮತ್ತೆ! ಎರಡು ತುದಿ, ಯಾರೂ ಬಿಡುವುದಿಲ್ಲ.

'ಹಿಂಗೇ ಜಗ್ಗಿದ್ರೆ ಹರಿದೋಗ್ತದೆ...'

ಜಗದಾಂಬ ಬದುಕಿನಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದಳು. ಕೀಲಿಯ ಮೇಲಿನ ಕೈ ತೆಗೆದಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಸುಮ್ಮನೆ ಕೂತಳು.

ಕರಕರ... ಕರಕರ...

"ಜೆ.ಆರ್... ಜೆ.ಆರ್... ಕೇಳ್ತಾ ಇದ್ದೀಯಾ?"

ಪೂರ್ತಿ ಬಂತು. ಕೊನೆಯ ಗೆರೆಯ ಎಳೆತದೊಂದಿಗೆ ಬಂತು. ಅವಳ ಕಣ್ಣಿಂದ ನೀರು ಪಟಪಟನೆ ಉದುರಿತು.

"ಕೇಳ್ತಾ ಇದೀನಿ ಕತ್ತೆ!"

"ಬಂದಿದ್ಯಾ ಅವತ್ತು?"

"ದಿನಾ ಬಂದಿದೀನಿ! ಬೆಂಗಳೂರು ಕೇಳ್ಸಲ್ಲ ಅಂತ ಗೊತ್ತು, ಮಧುಗಿರಿ ಮಾತ್ರ ಕೇಳ್ಸುತ್ತಾ? ಅಷ್ಟೂ ತಲೆ ಓಡಲ್ವಾ?"

"ನಿನ್ನ ತಲೆ ಯಾಕೆ ಓಡ್ಲಿಲ್ಲ?"

"ನಾನು ಹೂ ಮುಡ್ಕೊಂಡು ಕೂತಿದ್ದೆ!"

ಆ ಕಡೆ ಮೌನ. ಅದು ತಾತ್ಸಾರದ ಮೌನವಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು.

"ಅಮ್ಮಣ್ಣಿ, ಹನ್ನೆರಡಕ್ಕೆ ಒಂದೇ ನಿಮಿಷ ಐತೆ," ಎಂದು ಓಬಳಯ್ಯ ಅರಗಿನ ಕಡ್ಡಿ ಹಿಡಿದು ಒಳಗೆ ಬಂದ.

"ಓಬಳಯ್ಯಾ, ಒಂದು ನಿಮಿಷ ಅಂದ್ರೆ ಅರವತ್ತು ಸೆಕೆಂಡು. ನಂಗೂ ತಂತಿ ಇಲಾಖೆ ಗೊತ್ತು. ನಿಂತ್ಕೋ ಅಲ್ಲೇ!" ಎಂದು ಜಯರಾಮಯ್ಯ ಬಾಗಿಲಿಗೆ ಅಡ್ಡ ಬಂದರು.

ಜಗದಾಂಬಳ ಬೆರಳು ಹಾರಿತು.

"ನನ್ನ ಯಂತ್ರ ಸೀಲ್ ಆಗ್ತಾ ಐತೆ. ನೀನು ಕೇಳೋಕ್ಮುಂಚೇನೇ ಉತ್ತರ ತಗೋ. ಹೂಂ."

"ನಾನಿನ್ನೂ ಕೇಳೇ ಇಲ್ವಲ್ಲ!"

"ನೀನು ಕೇಳೋ ಹೊತ್ತಿಗೆ ಯುದ್ಧ ಮುಗೀತದೆ. ಹೂಂ ಅಂದ್ನಲ್ಲ!"

"ಮಂಗಳವಾರ. ಸಿರಾ. ಸಾಬರ ಅಂಗಡಿ. ಜಗದಾಂಬಾ, ನಾನು ನಿನ್ನ..."

ಓಬಳಯ್ಯ ಬ್ಯಾಟರಿಯ ತಂತಿ ಕಿತ್ತ. ಯುದ್ಧ ಮಾಡುವವರಿಗೆ ಟೈಮಿಂಗ್ ಅನ್ನುವುದೇ ಗೊತ್ತಿಲ್ಲ!

*

ಮಂಗಳವಾರ ಹುಸೇನ್ ಸಾಬರ ಅಂಗಡಿಗೆ ಇಬ್ಬರೂ ಒಂದೇ ಹೊತ್ತಿಗೆ ಬಂದರು. ಒಬ್ಬಳ ಹಿಂದೆ ಅಪ್ಪ. ಇನ್ನೊಬ್ಬನ ತಲೆಯ ಮೇಲೆ ಟೋಪಿ ಇರಲಿಲ್ಲ, ಎಣ್ಣೆಯೂ ಕಾಲು ಸೇರಿಗೆ ಇಳಿದಿತ್ತು.

ಹತ್ತು ತಿಂಗಳು ಬಾಯಿ ತುಂಬ ಬೈದಾಡಿದವರು, ಈಗ ಎದುರು ನಿಂತು ಒಂದಕ್ಷರ ಆಡಲಿಲ್ಲ.

"ಅಕಲ್ ಬಂತಾ?" ಎಂದು ಸಾಬರು ಸೂಜಿಗೆ ದಾರ ಪೋಣಿಸುತ್ತ ಕೇಳಿದರು.

ಇಬ್ಬರೂ ತಮ್ಮ ತಮ್ಮ ಅರ್ಧಗಳನ್ನು ಮುಂದಿಟ್ಟರು. ಹರಿದ ಪುಟದ ಎರಡು ತುಂಡುಗಳನ್ನು ಸಾಬರು ಗೋಂದು ಹಚ್ಚಿ ಕೂಡಿಸಿದರು. ರಂಗ ಗಂಟಲು ಸರಿಮಾಡಿಕೊಂಡು ಓದಿ ಹೇಳಿದ.

"ಆದ್ರೆ ನೆನಪಿಡಿ, ಈ ಪಟ್ಟಿಯಲ್ಲಿ... ನೆರೆಯ ಊರಿನೋನಿಗೆ ನಿಮ್ಮ ಸಂಕೇತ ಕೇಳ್ಸಲ್ಲ. ಅವ್ನ ತಲೆ ಮೇಲೆ ಹಾರಿ ಹೋಗ್ತದೆ." ತಲೆ ಕೆರೆದುಕೊಂಡ. "ಕೆಳಗ್ಲರ್ಧ ನನ್ ತಾವ್ಲೇ ಇತ್ತು. ಮುಂದ್ಲ ಸಾಲು ಹತ್ತು ಮೀಟರಿಂದು, ಇದೂ ಅದ್ರದ್ದೇ ಅಂದ್ಕೊಂಡೆ."

"ನೀನು ಅಂದ್ಕೊಂಡಿದ್ರಾಗೆ ಒಂದಾದ್ರೂ ಸರಿ ಐತಾ?"

"ಒಂದೈತೆ. ಶನಿವಾರ ಹೇಳಕ್ಕೋಗಿದ್ದೆ. ಬ್ಯಾಟರಿ ಕಿತ್ಬುಟ್ರು."

ಜಯರಾಮಯ್ಯನವರಿಗೆ ಇದ್ದಕ್ಕಿದ್ದಂತೆ ಬೀದಿಯಲ್ಲಿ ಹೋಗುವ ಎತ್ತಿನ ಗಾಡಿ ಬಹಳ ಮುಖ್ಯವಾಗಿ ಕಂಡಿತು. ಹೊರಗೆ ನೋಡುತ್ತಲೇ ಹೇಳಿದರು, "ನೋಡಪ್ಪಾ ರಂಗಯ್ಯ, ನಂಗೆ ಮೋರ್ಸು ಬರ್ತದೆ. ಹತ್ತು ತಿಂಗಳಿಂದ ಒಳ್ಗೆ ಕೂತ್ಕೊಂಡು ಇವ್ಳು ಕುಟ್ಟಿದ್ದೆಲ್ಲಾ ಕೇಳೀನಿ. ನಂದು ತಕರಾರಿಲ್ಲ. ಮೊದ್ಲು ಅವ್ಳಿಗೆ ಹೇಳು, ಆಮೇಲೆ ನಿಮ್ಮ ಹಿರೇರ್ನ ಕರ್ಕೊಂಡು ಬಾ."

ರಂಗ ಬಾಯಿ ತೆರೆದ. ಒಂದು ಡೈಲಾಗೂ ಬರಲಿಲ್ಲ! ಜೀವಮಾನವೆಲ್ಲ ಕೂಡಿಟ್ಟುಕೊಂಡ ಡೈಲಾಗುಗಳು ಬೇಕಾದ ಹೊತ್ತಿಗೆ ಕೈಕೊಟ್ಟವು.

"ಮಾತಾಡು," ಎಂದಳು ಜಗದಾಂಬ, ಸಣ್ಣಗೆ.

"ಕುಟ್ಟಿ ಅಭ್ಯಾಸ. ಬಾಯಲ್ಲಿ ಬರ್ತಿಲ್ಲ ಕಣಮ್ಮ."

ಅವಳು ಅಂಗಡಿಯ ಹಲಗೆಯ ಮೇಲಿದ್ದ ಅವನ ಬಲಗೈ ನೋಡಿದಳು. ಆಸಿಡ್ಡಿನ ಕಲೆ ಇನ್ನೂ ಮಾಸಿರಲಿಲ್ಲ. ಆ ಕಲೆಯ ಪಕ್ಕದಲ್ಲಿ ಬೆರಳಿಟ್ಟು ಅವನ ಹೆಸರನ್ನು ಮೆಲ್ಲಗೆ ಕುಟ್ಟಿದಳು. ಒಂದು ಚುಕ್ಕೆ, ಒಂದು ಗೆರೆ, ಮತ್ತೆ ಚುಕ್ಕೆ... ಕೊನೆಯ ಗೆರೆಯನ್ನು ಬೇಕೆಂದೇ ಎಳೆದಳು, ಅವನ ಹಾಗೆ.

ಅವನ ಕಣ್ಣು ತುಂಬಿ ಬಂತು.

"ಕೋಳಿ ರಾಗಿ ಕುಕ್ಕಿದಂಗೈತೆ..." ಎಂದ.

"ಕೈ ಬುಡ್ಲಾ ಮತ್ತೆ?"

"ಬುಡಬ್ಯಾಡ."